ಜನವೃದ್ಧಿ ಸಂತಾನಕ್ಷಯ ವಿಚಾರ

(ಶ್ರೀಮಠದ ಶತಮಾನೋತ್ಸವದ ಎರಡನೆಯ ದಿನದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಿಂದಲೂ ಅವುಗಳ ಆಚೆಯಿಂದಲೂ ದಯಮಾಡಿಸಿರುವ ಸದ್ಭಕ್ತ ಮಹಾಶಯರ ಹಾಗೂ ತಾಯಂದಿರ ಮುಂದೆ, ನನಗೆ ಅಪ್ಪಣೆಯಾಗಿರುವ ವಿಷಯವನ್ನು ಯಥಾಮತಿಯಾಗಿ ಅರಿಕೆ ಮಾಡಿಕೊಳ್ಳುವೆನು.

ಈ ವಿಷಯವು ನನ್ನ ಪಾಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕಾಗಿದೆ. ಉತ್ಸವದ ಸಿದ್ಧತೆಗಾಗಿ ಸೇರಿದ್ದ ಭಕ್ತರ ಸಭೆಯಲ್ಲಿ ವಯೋವೃದ್ಧರಾದ ಯಜಮಾನರೊಬ್ಬರು ಎದ್ದುನಿಂತು, “ಬುದ್ಧಿ, ನಮ್ಮ ಮನೆಗಳಲ್ಲಿ ತೊಟ್ಟಿಲು ಕಟ್ಟುವುದೇ ಅಪರೂಪವಾಗಿಹೋಯಿತು. ಒಂದು ಕೂಸು ಹೆತ್ತು ಸಾಕೆನ್ನುತ್ತಾರೆ. ಹೀಗಾದರೆ ಮುಂದೆ ಈ ಮಠಕ್ಕೆ ನಡೆದುಕೊಳ್ಳುವವರು ಯಾರು? ಸನ್ನಿಧಿಯವರೇ ಹೆಣ್ಣುಮಕ್ಕಳಿಗೆ ತಿಳಿಯಹೇಳಬೇಕು” ಎಂದು ಬಿನ್ನವಿಸಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತರುಣನೊಬ್ಬನು ತಡೆಯಲಾರದೆ, “ತಾತ, ಬೆಳಗಿನ ಹೊತ್ತು ದೇವನಹಳ್ಳಿ ರಸ್ತೆಗೆ ಬಂದು ನೋಡಿ. ಕಾಲಿಡಲು ಜಾಗವಿಲ್ಲ, ಕೊಳವೆಬಾವಿಯಲ್ಲಿ ನೀರಿಲ್ಲ. ಇನ್ನೂ ಮಕ್ಕಳು ಬೇಕೆನ್ನುವಿರಲ್ಲ!” ಎಂದನು. ಸಭೆಯು ನಕ್ಕಿತು. ಸನ್ನಿಧಿಯವರು ಮಾತ್ರ ನಗದೆ, “ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುವರು. ಎರಡೂ ನಿಜವಾಗುವುದು ಹೇಗೆಂದು ಶಾಸ್ತ್ರಿಗಳು ವಿಚಾರಿಸಿ ಹೇಳಲಿ” ಎಂದು ಅಪ್ಪಣೆ ಕೊಡಿಸಿದರು.

ನಾನು ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣ ಶಿವಾನುಭವಶಾಸ್ತ್ರಗಳನ್ನು ಓದಿದವನೇ ಹೊರತು ಅಂಕಿಸಂಖ್ಯೆಗಳಲ್ಲಿ ಪರಿಶ್ರಮವುಳ್ಳವನಲ್ಲ. ಜನಗಣತಿಯ ಕೋಷ್ಟಕಗಳನ್ನೂ ಸರ್ಕಾರದ ಆರೋಗ್ಯ ಸಮೀಕ್ಷೆಗಳನ್ನೂ ನನ್ನ ಮಗಳು ಎದುರಿಗೆ ಕೂರಿಸಿಕೊಂಡು ಓದಿಸಿದಳು, ತಪ್ಪಿದಲ್ಲಿ ತಿದ್ದಿದಳು. ಹಿಂದೆ ಆಕೆಗೆ ಮಗ್ಗಿ ಕಲಿಸಿದವನು ನಾನೇ ಎಂಬುದನ್ನು ಇಲ್ಲಿ ಹೇಳದಿರಲಾರೆ.

ಮೊದಲು ಅಧಿಕ ಜನರೆಂಬ ಭಯದ ವಿಚಾರ. ಇದು ನಮ್ಮ ನಾಡಿಗೆ ಹೊಸದಲ್ಲ. ಇಂಗ್ಲೆಂಡಿನ ಪಾದ್ರಿಯಾದ ಥಾಮಸ್ ರಾಬರ್ಟ್ ಮಾಲ್ಥಸ್ ಎಂಬಾತನು 1798ನೆಯ ಇಸವಿಯಲ್ಲಿ ಒಂದು ಗ್ರಂಥವನ್ನು ಬರೆದು, ಜನರು ಇಮ್ಮಡಿ ಇಮ್ಮಡಿಯಾಗಿ ಬೆಳೆಯುವರೆಂದೂ, ಬೆಳೆಯಾದರೋ ಮೆಲ್ಲಮೆಲ್ಲಗೆ ಹೆಚ್ಚುವುದೆಂದೂ, ಆದಕಾರಣ ಬರವೂ ರೋಗವೂ ಬಂದು ಲೆಕ್ಕವನ್ನು ಸರಿಮಾಡುವುವೆಂದೂ ಪ್ರತಿಪಾದಿಸಿದನು. ಈತನೇ 1805ರಿಂದ ಈಸ್ಟ್ ಇಂಡಿಯಾ ಕಂಪನಿಯವರು ತಮ್ಮ ಅಧಿಕಾರಿಗಳನ್ನು ತಯಾರುಮಾಡುತ್ತಿದ್ದ ಕಾಲೇಜಿನಲ್ಲಿ ಉಪಾಧ್ಯಾಯನಾದನು. ಹೀಗಾಗಿ ಈತನ ಪಾಠವನ್ನು ಕೇಳಿದವರು ನಮ್ಮ ದೇಶದ ಕಂದಾಯದ ಕಚೇರಿಗಳಲ್ಲಿ ಬಂದು ಕುಳಿತರು.

ಆ ಪಾಠದ ಫಲವನ್ನು ಉಂಡವರು ನಮ್ಮ ಹಿರಿಯರು. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ಕೇಳದವರು ಇಲ್ಲಿ ಯಾರೂ ಇರಲಾರರು. ಮೈಸೂರು ಸೀಮೆಯು ಆಗ ಬ್ರಿಟಿಷರ ಕಮಿಷನರುಗಳ ಆಡಳಿತದಲ್ಲಿದ್ದಿತು. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮೇಲ್ಪಟ್ಟಿದ್ದ ಮೈಸೂರಿನ ಜನರು 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕಡಮೆಯಾಗಿದ್ದರು. ನಾಡು ಹೀಗೆ ಬರಿದಾಗುತ್ತಿದ್ದ ಕಾಲದಲ್ಲಿಯೇ ಹಿಂದೂದೇಶದ ರೇವುಗಳಿಂದ ಗೋಧಿಯು ಹಡಗುಗಳಲ್ಲಿ ವಿಲಾಯತಿಗೆ ಹೋಗುತ್ತಿದ್ದಿತು. ಕ್ಷಾಮದ ಕಾಮಗಾರಿಯಲ್ಲಿ ಮಣ್ಣು ಹೊರುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅದರ ಮೇಲೆ ಅಲ್ಪ ಕಾಸೂ ಕೂಲಿಯಾಗಿ ಸಾಕೆಂದು 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿಯು ಗೊತ್ತುಮಾಡಿದನು. ಜನ ಹೆಚ್ಚಾದುದರಿಂದ ಬಡತನವೆಂಬ ವಾದವು ನಿಜವಾಗಿದ್ದಲ್ಲಿ, ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೈಸೂರು ಆ ಬಳಿಕ ಸಂಪನ್ನವಾಗಬೇಕಾಗಿದ್ದಿತು. ಆದದ್ದೇನು? ಉಳುವವರಿಲ್ಲದೆ ಹೊಲಗಳು ಬೀಳುಬಿದ್ದವು.

ನನ್ನ ಅಜ್ಜಿಯ ಅತ್ತೆಯವರು ಆ ಬರದಲ್ಲಿ ಹಸುಗೂಸಾಗಿದ್ದವರು. ಅವರಿಂದ ಕೇಳಿದ್ದನ್ನು ಅಜ್ಜಿ ನಮಗೆ ಹೇಳುತ್ತಿದ್ದರು. ಅಜ್ಜಿ ಹನ್ನೊಂದು ಬಾರಿ ಹೆತ್ತವರು, ಉಳಿದವರು ನಾಲ್ವರು. ಜನಗಣತಿಯ ಮಾಸ್ತರರು ಬಂದು “ಮಕ್ಕಳೆಷ್ಟು?” ಎಂದು ಕೇಳಿದರೆ, “ಶಿವ ಕೊಟ್ಟಷ್ಟು” ಎಂದು ಒಳಗೆ ಹೋಗಿಬಿಡುತ್ತಿದ್ದರಂತೆ. ಮಕ್ಕಳನ್ನು ಎಣಿಸಬಾರದೆಂಬುದು ಅವರ ನಂಬಿಕೆ. ಎಣಿಸಿದ್ದರೆ ಹೋದವರನ್ನೂ ಎಣಿಸಬೇಕಾಗುತ್ತಿದ್ದಿತು ಎಂಬುದು ನನಗೆ ಈಚೆಗೆ ಹೊಳೆದಿದೆ.

ಮುಂದೆ ಸಂಸ್ಥಾನವು ರಾಜಮನೆತನಕ್ಕೆ ಹಿಂದಿರುಗಿದ ಮೇಲೆ ನಮ್ಮ ಸರ್ಕಾರವು ಈ ವಿಷಯದಲ್ಲಿ ಇತರರಿಗಿಂತ ಮುಂದಾಗಿಯೇ ಯೋಚಿಸಿತು. 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಕೂಸುಗಳ ಮದುವೆಯನ್ನು ನಿಷೇಧಿಸುವ ಕಾನೂನು ಮೈಸೂರಿನಲ್ಲಿ ಬಂದಿತು. 1930ರಲ್ಲಿ, ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಬೆಂಗಳೂರು ಮೈಸೂರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹೆ ಕೊಡಲು ಏರ್ಪಾಡಾಯಿತು. ಸರ್ಕಾರವೊಂದು ತಾನಾಗಿ ಇಂಥ ಏರ್ಪಾಡು ಮಾಡಿದ್ದು ಜಗತ್ತಿನಲ್ಲಿಯೇ ಮೊದಲೆಂದು ಹೇಳುವರು. ಸೋಜಿಗವೇನೆಂದರೆ, ಅದೇ ಸರ್ಕಾರಕ್ಕೆ ಮಲೆನಾಡಿನಲ್ಲಿ ಮಲೇರಿಯಾ ಜ್ವರದಿಂದ ಜನರು ಕ್ಷಯಿಸುತ್ತಿರುವರೆಂಬ ಚಿಂತೆಯೂ ಅದೇ ದಶಕಗಳಲ್ಲಿ ಹತ್ತಿಕೊಂಡಿದ್ದಿತು. ಬಯಲುಸೀಮೆಯಲ್ಲಿ ಒಂದು ಭಯ, ಮಲೆನಾಡಿನಲ್ಲಿ ಅದಕ್ಕೆ ವಿರುದ್ಧವಾದ ಭಯ.

ಸ್ವಾತಂತ್ರ್ಯಾನಂತರ 1951-52ರಲ್ಲಿ ವಿಶ್ವಸಂಸ್ಥೆಯವರೂ ಭಾರತ ಸರ್ಕಾರದವರೂ ಕೂಡಿ ಬೆಂಗಳೂರು ನಗರದಲ್ಲಿಯೂ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ಹುಟ್ಟುಸಾವುಗಳನ್ನು ಕೇಳಿ ಬರೆದುಕೊಂಡರು. ಅದರ ವರದಿ 1961ರಲ್ಲಿ ಅಚ್ಚಾಯಿತು. ಇದಕ್ಕಿಂತಲೂ ಸ್ವಾರಸ್ಯವಾದ ಪ್ರಯೋಗವೊಂದು 1952ರಲ್ಲಿ, ಆಗ ಬೆಂಗಳೂರು ಜಿಲ್ಲೆಗೇ ಸೇರಿದ್ದ ರಾಮನಗರದಲ್ಲಿ ಆರಂಭವಾಯಿತು. ಆಗಿನ ಕೇಂದ್ರದ ಆರೋಗ್ಯಮಂತ್ರಿಣಿಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರು ಮಹಾತ್ಮಾ ಗಾಂಧಿಯವರ ಶಿಷ್ಯೆ. ಔಷಧಗಳಿಗೂ ಉಪಕರಣಗಳಿಗೂ ಒಪ್ಪದೆ, ತಿಂಗಳಲ್ಲಿ ಕೆಲವು ದಿನಗಳ ಸಂಯಮವೊಂದನ್ನೇ ಒಪ್ಪಿದರು. ಅದನ್ನು ಕಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ವೈದ್ಯರು ಬಂದರು. ಓದುಬರಹವಿಲ್ಲದ ಹೆಂಗಸರು ದಿನಗಳನ್ನು ಲೆಕ್ಕವಿಡಲೆಂದು ಬಣ್ಣಬಣ್ಣದ ಮಣಿಗಳ ಸರಗಳನ್ನು ಮಾಡಿಸಿ ಹಂಚಿದರು. ದಿನಕ್ಕೊಂದು ಮಣಿಯನ್ನು ಸರಿಸಿದರೆ ಆಯಿತು. ಜಪಮಣಿಯನ್ನು ಸರಿಸಿ ಬಲ್ಲ ನಾಡಿಗೆ ಇದು ಹಿಡಿಸಬಹುದೆಂದು ತಿಳಿದಿರಬೇಕು. ಹಿಡಿಸಲಿಲ್ಲ, ಪ್ರಯೋಗವು ನಿಷ್ಫಲವಾಯಿತು. ಮಣಿಯನ್ನು ಸರಿಸುವವಳು ಹೆಂಡತಿ, ಸಂಯಮವಾದರೋ ಗಂಡನದು. ಆ ಸರವನ್ನು ಗಂಡನ ಕೊರಳಿಗೆ ಹಾಕಬೇಕೆಂದು ಯಾರಿಗೂ ತೋಚಿದಂತಿಲ್ಲ.

ಮಣಿಸರದಿಂದ ಆಗದ್ದನ್ನು ಬಲಾತ್ಕಾರದಿಂದ ಮಾಡಹೊರಟದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ನಾನು ಆಗ ಆರು ವರ್ಷದ ಹುಡುಗ. ನಮ್ಮ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನು, ಒಂದೇ ಗಂಡುಕೂಸಿನ ತಂದೆ, ಸಂತೆಗೆಂದು ಹೋದವನು ಎರಡು ದಿನಗಳ ಮೇಲೆ ಹಿಂದಿರುಗಿದನು. ಯಾರೋ ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಮರುವರ್ಷ ಮಳೆಗಾಲದಲ್ಲಿ ವಾಂತಿಭೇದಿಯಾಗಿ ಆ ಕೂಸು ತೀರಿಹೋಯಿತು. ಅವನು ಮತ್ತೆ ನಮ್ಮ ಹೊಲದ ಕೆಲಸಕ್ಕೆ ಬರಲಿಲ್ಲ. ಜನಸಂಖ್ಯೆಯೆಂಬ ಮಾತು ಕೇಳಿದಾಗಲೆಲ್ಲ ನನಗೆ ಕಾಣುವುದು ಅವನು ಬೇಲಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದ ಚಿತ್ರ.

ಹಾಗಾದರೆ ಜನನವು ಕಡಮೆಯಾದದ್ದು ಹೇಗೆ? ಬೆದರಿಕೆಯಿಂದ ಅಲ್ಲ. ನನ್ನ ಮನೆಯನ್ನೇ ನೋಡಿ ಹೇಳಬಲ್ಲೆನು. ಅಜ್ಜಿಗೆ ಹನ್ನೊಂದರಲ್ಲಿ ನಾಲ್ಕು ಉಳಿದವು. ತಾಯಿಗೆ ಆರರಲ್ಲಿ ಐವರು ಉಳಿದೆವು. ನನಗೆ ಇಬ್ಬರು, ಇಬ್ಬರೂ ಶಿವಕೃಪೆಯಿಂದ ಕ್ಷೇಮವಾಗಿದ್ದಾರೆ. ಮಗಳಿಗೆ ಒಂದು ಹೆಣ್ಣುಕೂಸು. ಹುಟ್ಟಿದ ಕೂಸು ಉಳಿಯುವುದೆಂಬ ನಂಬಿಕೆ ಬಂದ ಮೇಲೆ ಹೆರುವುದು ಕಡಮೆಯಾಯಿತು. ಕರ್ನಾಟಕದಲ್ಲಿ 1992-93ರ ಸಮೀಕ್ಷೆಯಂತೆ ಹುಟ್ಟಿದ ಸಾವಿರ ಕೂಸುಗಳಲ್ಲಿ 65 ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 25ಕ್ಕೆ ಇಳಿದಿದ್ದಿತು. ಅದೇ ಅವಧಿಯಲ್ಲಿ ಒಬ್ಬ ಸ್ತ್ರೀಯು ತನ್ನ ಆಯುಷ್ಯದಲ್ಲಿ ಹೆರುವ ಮಕ್ಕಳ ಸರಾಸರಿಯು 2.85ರಿಂದ 1.7ಕ್ಕೆ ಇಳಿಯಿತು. ಒಂದು ತಲೆಮಾರಿನ ಸ್ಥಾನವನ್ನು ಮುಂದಿನ ತಲೆಮಾರು ತುಂಬಬೇಕಾದರೆ ಈ ಸರಾಸರಿಯು 2.1ರಷ್ಟಿರಬೇಕೆಂದು ತಜ್ಞರ ಲೆಕ್ಕ. ಹೆಣ್ಣುಮಕ್ಕಳು ಶಾಲೆಗೆ ಹೋದದ್ದು, ಮದುವೆಯ ವಯಸ್ಸು ಏರಿದ್ದು, ಹಿಸ್ಸೆಯಾಗಿ ಹಿಸ್ಸೆಯಾಗಿ ಹೊಲವು ಒಂದು ಗೇಣಿಗೆ ಬಂದದ್ದು, ಮಕ್ಕಳನ್ನು ಓದಿಸುವ ಖರ್ಚು ಹೆಚ್ಚಿದ್ದು, ಇವೆಲ್ಲವೂ ಕಾರಣಗಳು. ಇವುಗಳ ನಡುವೆ ಮರೆಯಬಾರದ ಒಂದು ಮಾತುಂಟು. ಈ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವರು ಸಂತಾನ ಸಾಕೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾಡಿಸಿಕೊಂಡ ಗಂಡಸರು ನೂರರಲ್ಲಿ ಒಬ್ಬನೂ ಸಿಕ್ಕುವುದಿಲ್ಲ. ಕತ್ತಿಯ ಕೆಳಗೆ ಮಲಗಿದವರು ತಾಯಂದಿರು.

ಮಾಲ್ಥಸನ ಲೆಕ್ಕವೂ ತಪ್ಪಾಯಿತು. ಈಗಿನ ಕರ್ನಾಟಕದ ಸೀಮೆಯಲ್ಲಿ 1901ರಲ್ಲಿ 1 ಕೋಟಿ 30 ಲಕ್ಷ ಜನರಿದ್ದರು. 2011ರಲ್ಲಿ 6 ಕೋಟಿ 11 ಲಕ್ಷ. ಐದು ಪಾಲಿಗೆ ಸಮೀಪವಾಗಿ ಬೆಳೆದ ಈ ಜನರು ಧಾತು ಈಶ್ವರದಂತೆ ಹಸಿದು ಸಾಯಲಿಲ್ಲ. ಮಂಡ್ಯದ ವಿಶ್ವೇಶ್ವರಯ್ಯ ಕೃಷಿಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ಎಂಬ ತಳಿಗಳನ್ನು ತಂದುಕೊಟ್ಟರು. ಈ ನಾಲ್ಕು ತಾಲ್ಲೂಕುಗಳ ಕಣಗಳಲ್ಲಿ ರಾಗಿಯ ರಾಶಿಯು ದೊಡ್ಡದಾದದ್ದಕ್ಕೆ ಆ ಪುಣ್ಯಾತ್ಮರು ಕಾರಣರು. ಶ್ರೀಮಠದ ದಾಸೋಹದ ಮುದ್ದೆಯಲ್ಲಿಯೂ ಅವರ ಪಾಲುಂಟು.

ಆದರೂ ಆ ತರುಣನ ಮಾತನ್ನು ತಳ್ಳಿಹಾಕಲಾಗದು. ಅನ್ನದ ಲೆಕ್ಕವನ್ನು ಗೆದ್ದೆವು, ನೀರಿನ ಲೆಕ್ಕದಲ್ಲಿ ಸೋಲುತ್ತಿರುವೆವು. ನನ್ನ ಬಾಲ್ಯದಲ್ಲಿ ಸೇದುವ ಬಾವಿಯಿದ್ದ ಕಡೆ ಈಗ ಸಾವಿರ ಅಡಿ ಕೊರೆದರೂ ಧೂಳು ಬರುವುದುಂಟು. ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ ದೇವನಹಳ್ಳಿಯ ಕಡೆಯ ಕೆರೆಗಳಿಗೆ ತುಂಬಿಸುವ ಕಾಲ ಬಂದಿದೆ. ಇದಕ್ಕೆ ಜನರ ಎಣಿಕೆಯೊಂದೇ ಕಾರಣವೆನ್ನಲು ನನ್ನ ಮನಸ್ಸು ಒಪ್ಪದು. ಹತ್ತು ಮಕ್ಕಳ ಮನೆಯೊಂದು ನನ್ನ ಅಜ್ಜಿಯ ಕಾಲದಲ್ಲಿ ಬಳಸುತ್ತಿದ್ದ ನೀರನ್ನು ಇಂದು ಒಂದು ಕೂಸಿನ ಮನೆಯು ಕಾರು ತೊಳೆಯಲು ಚೆಲ್ಲುವುದನ್ನು ಕಂಡಿದ್ದೇನೆ.

ಇನ್ನು ಎರಡನೆಯ ಭಯ, ಸಂತಾನಕ್ಷಯದ್ದು. ಜಗತ್ತಿನ ಜನರು 1927ರ ಸುಮಾರಿಗೆ 200 ಕೋಟಿ ಇದ್ದವರು 2022ನೆಯ ನವೆಂಬರ್ 15ರಂದು 800 ಕೋಟಿ ಮುಟ್ಟಿದರೆಂದು ವಿಶ್ವಸಂಸ್ಥೆ ಸಾರಿತು. 2023ರಲ್ಲಿ ಭಾರತವು ಚೀನವನ್ನು ಮೀರಿ ಮೊದಲನೆಯದಾಯಿತು. ಆದರೆ ಬೆಳೆಯುವ ವೇಗವು ಎಲ್ಲೆಡೆಯೂ ತಗ್ಗುತ್ತಿದೆ. ಈ ಶತಮಾನದ ಎಂಬತ್ತರ ದಶಕದಲ್ಲಿ 1,000 ಕೋಟಿಯನ್ನು ಸ್ವಲ್ಪ ದಾಟಿ ಅಲ್ಲಿಂದ ಇಳಿಮುಖವಾಗಬಹುದೆಂದು 2024ರಲ್ಲಿ ವಿಶ್ವಸಂಸ್ಥೆಯವರು ಅಂದಾಜು ಮಾಡಿದರು. ದಕ್ಷಿಣ ಕೊರಿಯದಲ್ಲಿ 2023ರಲ್ಲಿ ತಾಯಿಯೊಬ್ಬಳಿಗೆ ಸರಾಸರಿ ಮುಕ್ಕಾಲು ಕೂಸೂ ಇರಲಿಲ್ಲ, 0.72. ಚೀನದವರು 1980ರಿಂದ 2015ರ ವರೆಗೆ ಮನೆಗೊಂದೇ ಕೂಸೆಂದು ಕಟ್ಟಾಜ್ಞೆ ಮಾಡಿ, 2021ರಲ್ಲಿ ಮೂರಾದರೂ ಆಗಲಿ ಎಂದರು. ತೊಟ್ಟಿಲು ಬಿಚ್ಚೆಂದಾಗ ಬಿಚ್ಚಿದರು, ಕಟ್ಟೆಂದಾಗ ಕಟ್ಟಲಿಲ್ಲ. 2022ರಿಂದ ಅಲ್ಲಿಯ ಜನಸಂಖ್ಯೆಯು ಇಳಿಯತೊಡಗಿತು. ಹೆಂಗಸಿನ ಒಡಲು ಸರ್ಕಾರದ ತೂಬಿನಂತಲ್ಲವೆಂಬುದು ಇದರಿಂದ ವಿದಿತವಾಗುವುದು.

ತೂಬಿನ ಮಾತು ಬಂದುದರಿಂದ, ಜನನ ತಗ್ಗಿದರೂ ಜನರು ಹೆಚ್ಚುತ್ತಿರುವುದೇಕೆಂಬ ಸಂಶಯಕ್ಕೆ ಉತ್ತರ ಹೇಳುವೆನು. ಮಳೆ ನಿಂತ ಮೇಲೂ ಹೊಸಕೋಟೆಯ ದೊಡ್ಡ ಕೆರೆಗೆ ಕೆಲವು ದಿನ ನೀರು ಹರಿದುಬರುವುದನ್ನು ನೋಡಿದ್ದೀರಿ. ಮೇಲಣ ಹಳ್ಳಗಳಲ್ಲಿ ನಿಂತ ನೀರು ಬಂದು ಸೇರುವುದು. ಅಂತೆಯೇ, ಹಿಂದೆ ಹೆಚ್ಚಾಗಿ ಹುಟ್ಟಿದವರು ಈಗ ತಾಯಿತಂದೆಗಳಾಗುವ ವಯಸ್ಸಿನಲ್ಲಿರುವರು. ಹಿರಿಯರೂ ಹೆಚ್ಚು ಕಾಲ ಬದುಕುತ್ತಿರುವರು. ಕೆರೆ ತುಂಬಿರುವುದನ್ನೇ ನೋಡಿ ಮಳೆ ಸುರಿಯುತ್ತಿದೆ ಎನ್ನಲಾಗದು.

ನಮ್ಮ ಜಿಲ್ಲೆಯಲ್ಲಿಯಂತೂ ಇದರ ಜೊತೆಗೆ ಮತ್ತೊಂದು ಹಳ್ಳವು ಬಂದು ಕೂಡಿದೆ. 2001ರಿಂದ 2011ರ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯು ತುಸು ಇಳಿಯಿತು. ಬೆಂಗಳೂರು ನಗರ ಜಿಲ್ಲೆಯದು ನೂರಕ್ಕೆ 47ರಂತೆ ಏರಿತು. ನಮ್ಮ ಗ್ರಾಮಾಂತರ ಜಿಲ್ಲೆಯದು ನೂರಕ್ಕೆ 16ರಂತೆ ಹೆಚ್ಚಿ 9 ಲಕ್ಷ 90 ಸಾವಿರವಾಯಿತು. 2021ರ ಗಣತಿಯು ಕೊರೊನಾ ವ್ಯಾಧಿಯಿಂದ ಮುಂದಕ್ಕೆ ಹೋದುದರಿಂದ ಆ ಬಳಿಕದ ಸಂಖ್ಯೆಗಳನ್ನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವುದನ್ನು ಹೇಳುವೆನು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಅದರ ಸುತ್ತಲೂ, ದೊಡ್ಡಬಳ್ಳಾಪುರದ ಮಗ್ಗಗಳ ಹಾಗೂ ಗಾರ್ಮೆಂಟ್ಸ್ ಕಾರ್ಖಾನೆಗಳ ಸುತ್ತಲೂ, ನೆಲಮಂಗಲದ ಗೋದಾಮುಗಳ ಸುತ್ತಲೂ, ಬಿಹಾರ ಒಡಿಶಾ ಅಸ್ಸಾಮುಗಳಿಂದಲೂ ನಮ್ಮದೇ ಯಾದಗಿರಿ ರಾಯಚೂರುಗಳಿಂದಲೂ ಬಂದವರು ತಗಡಿನ ಮನೆಗಳಲ್ಲಿ ತುಂಬಿರುವರು. ಯಜಮಾನರು ಮನೆಯೊಳಗೆ ನೋಡಿ ತೊಟ್ಟಿಲಿಲ್ಲವೆಂದರು. ತರುಣನು ರಸ್ತೆಯಲ್ಲಿ ನಿಂತು ಜಾಗವಿಲ್ಲವೆಂದನು. ಸನ್ನಿಧಿಯವರ ಪ್ರಶ್ನೆಗೆ ಇದೇ ಉತ್ತರ.

ನಾನು ಅಕ್ಷರ ಕಲಿತ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯ ಶಾಲೆಗೆ ಕಳೆದ ಶ್ರಾವಣದಲ್ಲಿ ಹೋಗಿದ್ದೆನು. ನಮ್ಮ ಕಾಲದಲ್ಲಿ ಅರವತ್ತು ಮಕ್ಕಳು ಚಾಪೆಯ ಮೇಲೆ ಒತ್ತಿ ಕೂರುತ್ತಿದ್ದೆವು. ಈಗ ಒಂಬತ್ತು ಮಕ್ಕಳು. ಊರಿನ ಕೆಲವರು ಹಳದಿ ಬಸ್ಸಿನಲ್ಲಿ ಇಂಗ್ಲಿಷು ಶಾಲೆಗೆ ಹೋಗುವರೆಂಬುದು ನಿಜ. ಆದರೆ ಊರಿನಲ್ಲಿ ಮಕ್ಕಳೇ ಕಡಮೆ ಎಂಬುದೂ ನಿಜ. ಆ ಒಂಬತ್ತರಲ್ಲಿ ಐವರು ಇಟ್ಟಿಗೆಗೂಡಿನಲ್ಲಿ ಕೆಲಸಮಾಡಲು ಯಾದಗಿರಿಯ ಕಡೆಯಿಂದ ಬಂದವರ ಮಕ್ಕಳು. ಅವರಿಲ್ಲದಿದ್ದರೆ ಶಾಲೆಗೆ ಬೀಗ ಬೀಳುತ್ತಿದ್ದಿತೆಂದು ಮೇಡಂ ಹೇಳಿದರು. ಇದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಸಂತಾನಕ್ಕಾಗಿ ನಾಗರಕಲ್ಲುಗಳನ್ನು ಪ್ರತಿಷ್ಠಿಸುವವರು, ಅದು ನಮ್ಮ ಆಚಾರಕ್ಕೆ ಹೊರತಾದುದಾದರೂ, ಕಡಮೆಯಾಗಿಲ್ಲ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಸಂತಾನಚಿಕಿತ್ಸೆಯ ಆಸ್ಪತ್ರೆಗಳ ಫಲಕಗಳು. ಮಕ್ಕಳು ಬೇಡವೆಂಬುವರ ಮಾತನ್ನೇ ಆಡುವವರು, ಬೇಕೆಂದರೂ ದೊರೆಯದವರ ಸಂಕಟವನ್ನು ಮರೆಯುವರು.

ಈಗ ಸಭೆಯಲ್ಲಿ ಕೆಲವರಿಗೆ ರುಚಿಸದ ಮಾತನ್ನು ಆಡಬೇಕಾಗಿದೆ. ಹೆಚ್ಚು ಹೆರಿರೆಂಬ ಕರೆ ಈಚೆಗೆ ನಾನಾ ಕಡೆಗಳಿಂದ ಕೇಳಿಬರುತ್ತಿದೆ. 2024ರಲ್ಲಿ ಆಂಧ್ರ ತಮಿಳುನಾಡುಗಳ ಮುಖ್ಯಮಂತ್ರಿಗಳಾಗಿದ್ದ ಚಂದ್ರಬಾಬು ನಾಯ್ಡು ಸ್ಟಾಲಿನ್ ಇಬ್ಬರೂ ಅದೇ ಧಾಟಿಯಲ್ಲಿ ಮಾತನಾಡಿದರು. ಎರಡನೆಯವರು ಸಾಮೂಹಿಕ ವಿವಾಹದಲ್ಲಿ ಹದಿನಾರು ಮಕ್ಕಳ ಪ್ರಸ್ತಾಪವನ್ನೂ ಮಾಡಿದರು. ಲೋಕಸಭೆಯ ಸ್ಥಾನಗಳ ಹಂಚಿಕೆಯನ್ನು 1976ರಲ್ಲಿ 1971ರ ಗಣತಿಗೆ ನಿಲ್ಲಿಸಿ, ಮುಂದೆ 84ನೆಯ ತಿದ್ದುಪಡಿಯಿಂದ 2026ರ ಬಳಿಕದ ಮೊದಲ ಗಣತಿಯ ವರೆಗೆ ವಿಸ್ತರಿಸಲಾಯಿತು. ಜನನವನ್ನು ಮೊದಲು ತಗ್ಗಿಸಿದ ದಕ್ಷಿಣಕ್ಕೆ ಸ್ಥಾನಗಳೂ ತಗ್ಗಿಯಾವೆಂಬ ಭೀತಿಯು ಆಧಾರವಿಲ್ಲದುದಲ್ಲ. ಅದನ್ನು ರಾಜಕಾರಣಿಗಳು ವಾದಿಸಿ ಬಗೆಹರಿಸಿಕೊಳ್ಳಲಿ. ನಮ್ಮ ಸಮಾಜದಲ್ಲಿಯೂ 2015ರ ಸಮೀಕ್ಷೆ, 2025ರ ಸಮೀಕ್ಷೆ ಎಂದು ಯಾರ ಸಂಖ್ಯೆ ಎಷ್ಟೆಂಬ ಮಾತೇ ಮಾತು. ಆ ಕಳವಳವು ನನಗೂ ಇಲ್ಲದಿಲ್ಲ. ಆದರೆ ಆ ಎಣಿಕೆಯನ್ನು ಸರಿದೂಗಿಸುವ ಭಾರವನ್ನು ನಮ್ಮ ಹೆಣ್ಣುಮಕ್ಕಳ ಒಡಲಿನ ಮೇಲೆ ಹೊರಿಸಬೇಕೆಂದು ಈ ಮಠದಿಂದ ಅಪ್ಪಣೆಯಾಗಬೇಕೆನ್ನುವುದನ್ನು ನಾನು ಒಪ್ಪಲಾರೆನು.

ಜನನಸೂತಕವೇ ಮೊದಲಾದ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಹೆತ್ತವಳು ಮೈಲಿಗೆಯಲ್ಲವೆಂದು ಸಾರಿದ ಮತವು, ಹೆರದವಳನ್ನು ಕುಂದೆಂದು ನೋಡುವುದು ಹೇಗೆ? ಒಂದೇ ಹೆತ್ತವಳನ್ನು ಸಮಾಜದ್ರೋಹಿಯೆನ್ನುವುದು ಹೇಗೆ? ನನ್ನ ಮಗಳು ಈ ಉಪನ್ಯಾಸದ ಕರಡನ್ನು ಓದುತ್ತ ಇಲ್ಲಿಗೆ ಬಂದಾಗ, “ಅಪ್ಪಾಜಿ, ಎರಡನೆಯದು ಬೇಡವೆಂದು ನಾನು ಅಂದುಕೊಂಡಿಲ್ಲ. ಕೂಸನ್ನು ಯಾರು ನೋಡಿಕೊಳ್ಳುವರು, ನನ್ನ ಕೆಲಸ ಉಳಿಯುವುದೆ, ಎಂದು ಯಾರೂ ಕೇಳುವುದಿಲ್ಲ. ಯಾವಾಗ ಎಂದು ಮಾತ್ರ ಕೇಳುವರು” ಎಂದಳು. ಕೇಳಿದವರಲ್ಲಿ ನಾನೂ ಒಬ್ಬನಾಗಿದ್ದೆನು.

ವೃದ್ಧರ ಗತಿಯೇನೆಂಬ ಪ್ರಶ್ನೆ ಉಳಿಯಿತು. 2011ರಲ್ಲಿ ರಾಜ್ಯದ ನೂರು ಜನರಲ್ಲಿ 9 ಅಥವಾ 10 ಮಂದಿ ಅರವತ್ತು ದಾಟಿದವರಿದ್ದರು. ಆ ಪಾಲು ಏರುವುದೇ ಹೊರತು ಇಳಿಯದು. ಸಭೆಯಲ್ಲಿ ಮೊದಲು ಮಾತನಾಡಿದ ಆ ಯಜಮಾನರಿಗೆ ಮೂವರು ಗಂಡುಮಕ್ಕಳು. ಇಬ್ಬರು ಅಮೆರಿಕದಲ್ಲಿ, ಒಬ್ಬನು ಬೆಂಗಳೂರಿನಲ್ಲಿ. ರಾತ್ರಿ ಅವರಿಗೆ ಔಷಧ ಕುಡಿಸಿ, ಕೈಹಿಡಿದು ಲಿಂಗಪೂಜೆಯ ಕೋಣೆಗೆ ಕರೆದೊಯ್ಯುವವನು ಒಡಿಶಾದಿಂದ ಬಂದ ಹುಡುಗ. ಇದನ್ನು ಅವರ ಅನುಮತಿಯಿಂದಲೇ ಹೇಳುತ್ತಿರುವೆನು. ಅವರ ಕೊರತೆಯು ಮಕ್ಕಳ ಎಣಿಕೆಯಲ್ಲಿರಲಿಲ್ಲ. ಆ ಹುಡುಗನಿಗೆ ಕನ್ನಡ ಓದಲು ಕಲಿಸಬೇಕೆಂದು ಈಚೆಗೆ ಅವರೇ ನನ್ನನ್ನು ಕೇಳಿದರು. ವಾರಕ್ಕೆರಡು ದಿನ ಬರುತ್ತಿದ್ದಾನೆ. ಒತ್ತಕ್ಷರಗಳ ವರೆಗೆ ಬಂದಿದ್ದಾನೆ.

ಸನ್ನಿಧಿಯವರ ಸಮ್ಮುಖದಲ್ಲಿ ಕೊನೆಯದಾಗಿ ಒಂದು ಬಿನ್ನಹ. ಇಂದು ನಾವು ನೂರು ವರ್ಷಗಳ ಉತ್ಸವವನ್ನು ಮಾಡುತ್ತಿರುವ ಈ ಮಠದಲ್ಲಿ, ನೂರು ವರ್ಷಗಳಲ್ಲಿ ಒಂದು ಕೂಸೂ ಹುಟ್ಟಿಲ್ಲ. ಇದು ವಿರಕ್ತರ ಪೀಠ. ಇಲ್ಲಿಯ ಪರಂಪರೆಯು ಗುರುಕರಸಂಜಾತವಾದದ್ದು. ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಊರುಗಳಲ್ಲಿ ಹುಟ್ಟಿದ ಮಕ್ಕಳನ್ನು ಗುರುಗಳು ಕೈಯಲ್ಲಿ ಹಿಡಿದು ತಮ್ಮವರನ್ನಾಗಿ ಮಾಡಿಕೊಂಡುದರಿಂದ ಇದು ನಡೆದುಬಂದಿತು. ನಾನೂ ಹಾಗೆ ಬಂದವನೇ. ಒಂಬತ್ತನೆಯ ವಯಸ್ಸಿನಲ್ಲಿ ಒಂದು ಗಂಟು ಬಟ್ಟೆಯೊಡನೆ ಈ ಬಾಗಿಲಲ್ಲಿ ನಿಂತಿದ್ದೆನು. ಆಗ ಯಾರೂ ನನ್ನ ಊರಿನ ಜನಸಂಖ್ಯೆಯನ್ನು ಕೇಳಲಿಲ್ಲ.

ನಮ್ಮ ಉಚಿತ ವಿದ್ಯಾರ್ಥಿನಿಲಯವನ್ನು ಎಂಬತ್ತು ಮಕ್ಕಳಿಗೆಂದು ಕಟ್ಟಿಸಿದರು. ಈ ವರ್ಷ ಇರುವವರು ಮೂವತ್ತನಾಲ್ಕು ಮಂದಿ. ಭಕ್ತರ ಮನೆಗಳಿಂದ ಮಕ್ಕಳು ಬರುವುದಿಲ್ಲ, ಏಕೆಂದರೆ ಮನೆಗೊಂದೇ ಕೂಸು, ಅದನ್ನು ಬಿಟ್ಟಿರಲಾರರು. ಅದು ಸಹಜ. ಇತ್ತ ಮಠದಿಂದ ಒಂದೂವರೆ ಮೈಲಿಯ ಮಗ್ಗದ ಷೆಡ್ಡುಗಳಲ್ಲಿಯೂ ಇಟ್ಟಿಗೆಗೂಡುಗಳಲ್ಲಿಯೂ, ತಾಯಿತಂದೆಗಳು ಕೆಲಸದಲ್ಲಿರುವಾಗ ತಮ್ಮ ತಂಗಿಯರನ್ನು ಎತ್ತಿಕೊಂಡು ಕೂತಿರುವ ಹುಡುಗರನ್ನು ನಾನು ದಿನವೂ ಕಾಣುತ್ತೇನೆ. ಅವರು ನಮ್ಮವರಲ್ಲ, ಅವರ ಮಾತು ಬೇರೆ, ಆಚಾರ ಬೇರೆ, ಇಂದು ಇದ್ದು ನಾಳೆ ಹೋಗುವರು ಎಂದು ಕೆಲವರು ಮಹಾಶಯರು ಆಕ್ಷೇಪಿಸಿರುವುದನ್ನು ಬಲ್ಲೆನು. ಹೋಗುವರೆಂಬುದು ನಿಜವಿರಬಹುದು. ಇಲ್ಲಿ ಓದಿದ ನಮ್ಮ ಭಕ್ತರ ಮಕ್ಕಳೂ ಹೋದರು. ದೂರದೇಶಗಳಿಂದ ಉತ್ಸವಕ್ಕೆ ಕಾಣಿಕೆ ಕಳುಹಿಸಿರುವರು. ಮೊದಲು ಹತ್ತು ಮಕ್ಕಳನ್ನು ಸೇರಿಸಿಕೊಳ್ಳೋಣ. ಅವರಿಗೆ ಕನ್ನಡ ಕಲಿಸುವ ಕೆಲಸವನ್ನು ಸಂಬಳವಿಲ್ಲದೆ ನಾನು ವಹಿಸಿಕೊಳ್ಳುವೆನು; ಮಗಳು ಭಾನುವಾರಗಳಲ್ಲಿ ಗಣಿತ ಹೇಳಿಕೊಡಲು ಒಪ್ಪಿರುವಳು. ಹೆಣ್ಣುಮಕ್ಕಳಿಗೂ ಹಗಲಿನ ಪಾಠಕ್ಕಾದರೂ ಏರ್ಪಾಡಾಗಬೇಕೆಂದು ಆಕೆಯ ಷರತ್ತು.

ನಿಲಯದ ಪಡುವಣ ಸಾಲಿನ ಎರಡು ಕೊಠಡಿಗಳು ಮೂರು ವರ್ಷಗಳಿಂದ ಮುಚ್ಚಿವೆ. ಕಳೆದ ವಾರ ಗುಡಿಸಿ, ಸುಣ್ಣ ಬಳಿಸಿದ್ದಾಯಿತು. ಬೀಗದ ಕೈ ನನ್ನ ಬಳಿಯೇ ಇರುವುದು. ಸನ್ನಿಧಿಯವರ ಅಪ್ಪಣೆಯಾದ ದಿನ ತೆರೆಯಲು ಸಿದ್ಧನಾಗಿರುವೆನೆಂದು ಅರಿಕೆ ಮಾಡಿಕೊಂಡು ನನ್ನ ಸ್ಥಾನಕ್ಕೆ ಹಿಂದಿರುಗುವೆನು.